ಎನ್‌ಐಸಿಯು ಬಿಟ್ಟ ಮೇಲೆ ಹೋದ ಫಾಲೋಅಪ್ ಕ್ಲಿನಿಕ್: 5ಕ್ಕೆ 4

ಪೂರ್ತಿ ಓದಲು ಪುರುಸೊತ್ತು ಇಲ್ಲದವರಿಗೆ ಅಂಕ ಮೊದಲೇ ಹೇಳಿಬಿಡುತ್ತೇನೆ. 5ಕ್ಕೆ 4. ಡಾಕ್ಟರು, ನರ್ಸು, ಫಿಸಿಯೋಗಳ ಕೆಲಸಕ್ಕೆ ಮಾತ್ರ ಆಗಿದ್ದರೆ ಕಣ್ಣು ಮುಚ್ಚಿ 5 ಕೊಡುತ್ತಿದ್ದೆ. ಕಡಿಮೆಯಾದ ಒಂದು ಅಂಕ ಕೌಂಟರ್, ಫೋನು ಮತ್ತು ಆ ದರಿದ್ರ ಆ್ಯಪ್‌ನ ಖಾತೆಗೆ. ಅದನ್ನು ಆಮೇಲೆ ಹೇಳುತ್ತೇನೆ.

ಎನ್‌ಐಸಿಯು ಅಂದರೆ ಆಗತಾನೆ ಹುಟ್ಟಿದ ಶಿಶುಗಳ ತೀವ್ರ ನಿಗಾ ಘಟಕ. ಇದು ಹೈ ರಿಸ್ಕ್, ಅಂದರೆ ಅಪಾಯ ಹೆಚ್ಚಿರುವ ಶಿಶುಗಳ ಫಾಲೋಅಪ್ ಕ್ಲಿನಿಕ್. ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಮೊದಲ ದಿನಗಳಲ್ಲೋ ಮೆದುಳಿಗೆ ಪೆಟ್ಟಾಗಿರಬಹುದು ಅನ್ನುವ ಮಕ್ಕಳನ್ನು ಮನೆಗೆ ಕಳಿಸಿದ ಮೇಲೂ ಕರೆಸಿ ಕರೆಸಿ ನೋಡುವ ಜಾಗ. 32 ವಾರಕ್ಕಿಂತ ಮೊದಲು ಹುಟ್ಟಿದವರು, 1500 ಗ್ರಾಂಗಿಂತ ಕಡಿಮೆ ತೂಕದವರು, ಹುಟ್ಟಿದ ತಕ್ಷಣ ಅಳದವರು, ಫಿಟ್ಸ್ ಬಂದವರು, ಕಾಮಾಲೆ ಮಿತಿ ಮೀರಿ ಏರಿದವರು, ಮೆನಿಂಜೈಟಿಸ್ (ಮೆದುಳಿನ ಹೊದಿಕೆಯ ಸೋಂಕು) ಆದವರು ಎಲ್ಲರೂ ಇಲ್ಲಿ ಬರುತ್ತಾರೆ. ನಮ್ಮ ಮಗಳು 29ನೇ ವಾರಕ್ಕೇ ಹುಟ್ಟಿದವಳು, ಹಾಗಾಗಿ ಡಿಸ್ಚಾರ್ಜ್ ಚೀಟಿಯಲ್ಲೇ ಈ ಕ್ಲಿನಿಕ್ಕಿನ ಮೊದಲ ತಾರೀಕು ಬರೆದುಕೊಟ್ಟಿದ್ದರು.

ಮೊದಲ ಭೇಟಿಯಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಡಾಕ್ಟರು ಮಗುವನ್ನು ಮುಟ್ಟುವ ಮೊದಲು ಕೇಳಿದ ಪ್ರಶ್ನೆ. "ಹೀಗೆ ಯಾಕಾಯ್ತು ಅಂತ ಮನೆಯಲ್ಲಿ ಏನು ಮಾತಾಡ್ತಿದ್ದೀರಿ?" ಅಂದರು. ಮನೆಯಲ್ಲಿ ಎಲ್ಲರ ಹತ್ತಿರವೂ ಒಂದೊಂದು ಉತ್ತರ ಇತ್ತು. ನಮ್ಮತ್ತೆಯವರ ಪ್ರಕಾರ ನಾನು ಕೆಲಸಕ್ಕೆ ಹೋಗಿದ್ದು ಕಾರಣ. ನನ್ನ ಅಣ್ಣನ ಪ್ರಕಾರ ಡಾಕ್ಟರು ತಡ ಮಾಡಿದರು. ಗಂಡ ಏನೂ ಹೇಳುತ್ತಿರಲಿಲ್ಲ, ಅದು ಇನ್ನೂ ಕಷ್ಟ. ಡಾಕ್ಟರು ಇದನ್ನೆಲ್ಲ ಪೂರ್ತಿ ಕೇಳಿಸಿಕೊಂಡು, ಮತ್ತೆ ಒಂದೊಂದಾಗಿ ಬಿಡಿಸಿ ಹೇಳಿದರು. ಎಷ್ಟು ಜನ ಡಾಕ್ಟರಿಗೆ ಇಷ್ಟು ತಾಳ್ಮೆ ಇರುತ್ತೆ ಹೇಳಿ?

ಅವರು ಹೇಳಿದ್ದನ್ನು ನನ್ನ ಮಾತಲ್ಲೇ ಬರೆಯುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ಅರ್ಧ ಮನೆಗಳಲ್ಲಿ ಜಗಳ ನಿಲ್ಲುತ್ತದೆ. ಇಂಥ ಮಕ್ಕಳಲ್ಲಿ ಮುಖ್ಯವಾಗಿ ಭಯಪಡುವುದು ಸೆರೆಬ್ರಲ್ ಪಾಲ್ಸಿಗೆ. ಹಾಗಂದರೆ ಬೆಳೆಯುತ್ತಿರುವ ಮೆದುಳಿಗೆ ಆದ ಹಾನಿಯಿಂದ ಅಥವಾ ಮೆದುಳು ರೂಪುಗೊಳ್ಳುವುದರಲ್ಲೇ ಆದ ವ್ಯತ್ಯಾಸದಿಂದ ಚಲನೆ ಮತ್ತು ಮೈಯ ಭಂಗಿಗೆ ಬರುವ ತೊಂದರೆ. ಆ ಹಾನಿ ದಿನೇ ದಿನೇ ಹೆಚ್ಚುವುದಿಲ್ಲ. ಆದರೆ ಮಗು ಬೆಳೆದಂತೆ ಸ್ನಾಯು, ಮೂಳೆಗಳ ಮೇಲೆ ಅದರ ಪರಿಣಾಮ ಬದಲಾಗುತ್ತಾ ಹೋಗುತ್ತದೆ. 1860ರ ದಶಕದಲ್ಲಿ ಲಂಡನ್ನಿನ ಡಾಕ್ಟರ್ ವಿಲಿಯಂ ಲಿಟಲ್ ಅನ್ನುವವರು ಇದಕ್ಕೆ ಕಷ್ಟದ ಹೆರಿಗೆ ಕಾರಣ ಅಂದರು. ಆ ಮಾತು ಎಷ್ಟು ಗಟ್ಟಿಯಾಗಿ ಕೂತುಬಿಟ್ಟಿತು ಅಂದರೆ ಇವತ್ತಿಗೂ ಎಲ್ಲರ ಬಾಯಲ್ಲಿ ಅದೇ. ಅದಕ್ಕೆ ಮೊದಲು ತಕರಾರು ತೆಗೆದವರಲ್ಲಿ ಒಬ್ಬರು ಸಿಗ್ಮಂಡ್ ಫ್ರಾಯ್ಡ್. ಹೌದು, ಮನಸ್ಸಿನ ಡಾಕ್ಟರ್ ಅಂತ ಹೆಸರಾದ ಅವರೇ, ಆ ಕಾಲದಲ್ಲಿ ನರರೋಗ ನೋಡುತ್ತಿದ್ದರು. ಹೆರಿಗೆ ಕಷ್ಟವಾಗುವುದೇ ಹೊಟ್ಟೆಯಲ್ಲಿ ಮೊದಲೇ ಏನೋ ಆಗಿರುವುದರ ಲಕ್ಷಣ ಇರಬಹುದು ಅಂತ 1897ರಲ್ಲಿ ಬರೆದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1980ರ ದಶಕದಲ್ಲಿ ಸಾವಿರಾರು ಮಕ್ಕಳ ದಾಖಲೆ ಇಟ್ಟುಕೊಂಡು ಅಮೆರಿಕದಲ್ಲಿ ಲೆಕ್ಕ ಹಾಕಿದಾಗ ಅವರ ಅನುಮಾನ ಬಹುಮಟ್ಟಿಗೆ ಸರಿ ಅನ್ನಿಸಿತು.

ಈಗಿನ ತಿಳಿವಳಿಕೆ ಏನೆಂದರೆ, ಹೆರಿಗೆ ಸಮಯದಲ್ಲಿ ಆಕ್ಸಿಜನ್ ಕಡಿಮೆಯಾಗಿದ್ದೇ ಕಾರಣ ಅಂತ ಹೇಳಬಹುದಾದ ಮಕ್ಕಳು ಶ್ರೀಮಂತ ದೇಶಗಳಲ್ಲಿ ಸುಮಾರು 10ರಲ್ಲಿ 1. ಹೆರಿಗೆ ಸೌಲಭ್ಯ ಕಡಿಮೆ ಇರುವ ಕಡೆ ಇದು ಜಾಸ್ತಿ. ಉಳಿದವರಲ್ಲಿ ತಿಂಗಳು ತುಂಬದೆ ಹುಟ್ಟುವುದು, ಗರ್ಭದಲ್ಲಿ ಸೋಂಕು, ಮಾಸು ಸರಿಯಾಗಿ ಕೆಲಸ ಮಾಡದೆ ಮಗು ಬೆಳೆಯದಿರುವುದು, ಹುಟ್ಟುವ ಹೊತ್ತಿಗೆ ಮಗುವಿಗೇ ಸ್ಟ್ರೋಕ್ ಆಗುವುದು (ಮಕ್ಕಳಿಗೂ ಸ್ಟ್ರೋಕ್ ಆಗುತ್ತದೆ ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ), ಅವಳಿ ತ್ರಿವಳಿ, ಜೀನ್‌ಗಳಲ್ಲಿನ ಬದಲಾವಣೆ ಹೀಗೆ ಬೇರೆ ಬೇರೆ ಕಾರಣಗಳು. ಎಷ್ಟೋ ಸಲ ಒಂದರ ಮೇಲೊಂದು ಸೇರಿಕೊಂಡಿರುತ್ತವೆ. ಕೆಲವರಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ತಿಂಗಳು ತುಂಬಿ ಹುಟ್ಟಿದವರೇ. ಹೆರಿಗೆಯಲ್ಲಿ ಮಗುವಿನ ಎದೆಬಡಿತ ನೋಡುವ ಮಷೀನು ಬಂದ ಮೇಲೆ ಸಿಸೇರಿಯನ್ ಎಷ್ಟೋ ಪಟ್ಟು ಹೆಚ್ಚಿದವು, ಸೆರೆಬ್ರಲ್ ಪಾಲ್ಸಿ ಮಾತ್ರ ಅದರಿಂದ ಕಡಿಮೆಯಾಗಲಿಲ್ಲ. ಇದನ್ನು ಕೇಳಿದ ಮೇಲೆ ನಮ್ಮಣ್ಣ ಡಾಕ್ಟರನ್ನು ಬೈಯುವುದು ಬಿಟ್ಟ. ಅತ್ತೆಯವರನ್ನೂ ಮುಂದಿನ ಸಲ ಜೊತೆಗೆ ಕರೆದುಕೊಂಡು ಬನ್ನಿ ಅಂದರು. ಬಂದರು, ಅವರೂ ಕೇಳಿಸಿಕೊಂಡರು. ಈ ಕ್ಲಿನಿಕ್ಕಿಗೆ ನಾನು ಕೊಟ್ಟ ಅಂಕದಲ್ಲಿ ಅರ್ಧ ಇದೊಂದಕ್ಕೇ ಸಲ್ಲಬೇಕು.

ನಮ್ಮ ಮಗಳ ವಿಷಯಕ್ಕೆ ಬಂದಾಗ ನೆತ್ತಿಯ ಮೂಲಕ ಮಾಡಿದ ಹಳೆಯ ಸ್ಕ್ಯಾನ್ ತೆಗೆದು ತೋರಿಸಿದರು. 24ರಿಂದ 32 ವಾರದ ನಡುವೆ ಮೆದುಳಿನ ಒಳಗೆ, ನೀರಿನ ಕೋಣೆಗಳ ಪಕ್ಕದಲ್ಲಿರುವ ರಕ್ತನಾಳಗಳು ತುಂಬಾ ನಾಜೂಕು. ಬಿಪಿ ಸ್ವಲ್ಪ ಏರುಪೇರಾದರೂ ಅಲ್ಲಿ ರಕ್ತ ಜಿನುಗಬಹುದು, ಅಥವಾ ಪಕ್ಕದ ಬಿಳಿಯ ಭಾಗಕ್ಕೆ ರಕ್ತ ಸಾಲದೆ ಹಾನಿಯಾಗಬಹುದು. ಕಾಲಿಗೆ ಹೋಗುವ ನರದ ಎಳೆಗಳು ಆ ಕೋಣೆಗಳಿಗೆ ತೀರಾ ಹತ್ತಿರದಲ್ಲೇ ಹಾದುಹೋಗುತ್ತವೆ. ಹಾಗಾಗಿಯೇ ಬೇಗ ಹುಟ್ಟಿದ ಮಕ್ಕಳಲ್ಲಿ ಕೈಗಿಂತ ಕಾಲು ಬಿಗಿಯಾಗುವುದು ಜಾಸ್ತಿ. ಡಾಕ್ಟರು ಪೆನ್ನಿನಲ್ಲಿ ಚಿತ್ರ ಬರೆದೇ ಇದನ್ನು ಹೇಳಿದ್ದು, ಆ ಹಾಳೆ ಇನ್ನೂ ನನ್ನ ಫೈಲಿನಲ್ಲಿದೆ.

ಆಮೇಲೆ ಡಿಸ್ಚಾರ್ಜ್ ಸಮ್ಮರಿಯನ್ನು ಸಾಲು ಸಾಲಾಗಿ ಓದಿ, ಯಾವ ಔಷಧ ಯಾಕೆ ಕೊಟ್ಟಿದ್ದರು ಅಂತ ವಿವರಿಸಿದರು. ಹೆರಿಗೆಗೆ ಮೊದಲು ನನಗೆ ಡ್ರಿಪ್‌ನಲ್ಲಿ ಮೆಗ್ನೀಸಿಯಂ ಸಲ್ಫೇಟ್ ಹಾಕಿದ್ದರು. ಮೈಯೆಲ್ಲ ಬೆಂಕಿ ಹತ್ತಿದ ಹಾಗಾಗಿ ಆ ನರ್ಸಿಗೆ ಮನಸ್ಸಲ್ಲೇ ಶಾಪ ಹಾಕಿದ್ದೆ. ಅದು ನನಗಲ್ಲ, ಮಗುವಿನ ಮೆದುಳಿಗೆ ಅಂತ ಆಗ ಯಾರೂ ಹೇಳಿರಲಿಲ್ಲ. 32 ವಾರಕ್ಕೆ ಮೊದಲೇ ಹೆರಿಗೆಯಾಗುತ್ತೆ ಅನ್ನುವಾಗ ತಾಯಿಗೆ ಇದನ್ನು ಕೊಟ್ಟರೆ ಮಗುವಿಗೆ ಸೆರೆಬ್ರಲ್ ಪಾಲ್ಸಿ ಬರುವ ಸಾಧ್ಯತೆ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಎಷ್ಟೋ ವರ್ಷಗಳಿಂದ ಗರ್ಭಿಣಿಯರಿಗೆ ಬಿಪಿ ಏರಿ ಬರುವ ಫಿಟ್ಸ್‌ಗೆ ಕೊಡುತ್ತಿದ್ದ ಹಳೇ ಔಷಧವೇ ಇದು. ಇನ್ನೊಂದು ಸ್ಟಿರಾಯ್ಡ್ ಇಂಜೆಕ್ಷನ್. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ಇದರ ಫಲ ತೋರಿಸಿಕೊಟ್ಟರು, ಅದಕ್ಕೂ ಮೊದಲು ಕುರಿಗಳ ಮೇಲೆ ಪ್ರಯೋಗ ಮಾಡುವಾಗ ಸಿಕ್ಕ ಸುಳಿವಂತೆ ಅದು. ಅದು ಮಗುವಿನ ಶ್ವಾಸಕೋಶ ಬೇಗ ಬಲಿಯುವಂತೆ ಮಾಡುತ್ತದೆ, ಜೊತೆಗೆ ಮೆದುಳಿನ ರಕ್ತಸ್ರಾವವನ್ನೂ ಕಡಿಮೆ ಮಾಡುತ್ತದೆ. ಎನ್‌ಐಸಿಯುನಲ್ಲಿ ಮಗಳಿಗೆ ದಿನಾ ಕೊಟ್ಟ ಕೆಫೀನ್ ಕೂಡ ಸುಮ್ನೆ ಅಲ್ಲ. ಉಸಿರು ಮರೆಯುವ ಪುಟ್ಟ ಮಕ್ಕಳಿಗೆ ಅದನ್ನು ಕೊಟ್ಟರೆ ಸೆರೆಬ್ರಲ್ ಪಾಲ್ಸಿ ಕಡಿಮೆ ಅಂತ 2007ರಲ್ಲೇ ದೊಡ್ಡ ಅಧ್ಯಯನ ತೋರಿಸಿದೆ.

ಇಷ್ಟೆಲ್ಲ ಕೊಟ್ಟರೂ ಮಗಳಿಗೆ ತೊಂದರೆ ಆಯ್ತಲ್ಲ ಅಂತ ಕೇಳಿದೆ. "ಇವೆಲ್ಲ ಸಾಧ್ಯತೆಯನ್ನು ಇಳಿಸುತ್ತವೆ, ಸೊನ್ನೆ ಮಾಡೋದಿಲ್ಲ" ಅಂದರು. ನೇರ ಉತ್ತರ. ನನಗೆ ಇಂಥ ಉತ್ತರವೇ ಬೇಕಿತ್ತು.

ಕ್ಲಿನಿಕ್ಕಿನಲ್ಲಿ ತಿಂಗಳಿಗೊಮ್ಮೆ ತಂದೆತಾಯಿಗಳಿಗೆ ಒಂದು ಕ್ಲಾಸ್ ಇರುತ್ತದೆ. ಹೊಸದಾಗಿ ಗರ್ಭಿಣಿಯಾದವರೂ ಬರಬಹುದು. ಇದನ್ನು ಬೇರೆಯಾಗಿ ಹೊಗಳಲೇಬೇಕು, ಯಾಕೆಂದರೆ ತಡೆಯಬಹುದಾದ್ದು ಯಾವುದು, ತಡೆಯಲಾಗದ್ದು ಯಾವುದು ಅಂತ ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕೇಳಿಲ್ಲ. ಗರ್ಭ ಧರಿಸುವ ಮೊದಲೇ ರುಬೆಲ್ಲಾ ಲಸಿಕೆ ಆಗಿರಬೇಕು, ಗರ್ಭಿಣಿಯಾದ ಮೇಲೆ ಆ ಲಸಿಕೆ ಹಾಕುವಂತಿಲ್ಲ. ಅಯೋಡಿನ್ ಕಡಿಮೆಯಾದರೆ ಹೊಟ್ಟೆಯಲ್ಲಿರುವ ಮಗುವಿನ ಮೆದುಳಿಗೆ ನೇರ ಏಟು. ಸೈಟೊಮೆಗಾಲೊ ಅನ್ನುವ ವೈರಸ್ ಬಗ್ಗೆ ಅಲ್ಲಿ ಕೂತಿದ್ದ ಒಬ್ಬರೂ ಕೇಳಿರಲಿಲ್ಲ. ಮನೆಯಲ್ಲಿರುವ ದೊಡ್ಡ ಮಗುವಿನ ಜೊಲ್ಲು, ಮೂತ್ರದಿಂದ ಗರ್ಭಿಣಿಗೆ ಹರಡುತ್ತದೆ, ಡಯಾಪರ್ ಬದಲಿಸಿದ ಮೇಲೆ ಸೋಪಿನಲ್ಲಿ ಕೈ ತೊಳೆಯುವುದು, ಮಗು ಬಾಯಿಗಿಟ್ಟ ಚಮಚವನ್ನು ನಾವು ಬಾಯಿಗಿಡದಿರುವುದು ಸಾಕು, ಅಪಾಯ ಬಹಳ ಇಳಿಯುತ್ತದೆ. ತಾಯಿಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಇದ್ದರೆ ಆ್ಯಂಟಿ-ಡಿ ಇಂಜೆಕ್ಷನ್. 1968ರಲ್ಲಿ ಅದು ಬಳಕೆಗೆ ಬರುವ ಮೊದಲು ಎಷ್ಟು ಮಕ್ಕಳು ತೀವ್ರ ಕಾಮಾಲೆಯಾಗಿ ಹೋಗುತ್ತಿದ್ದರೋ.

ಕಾಮಾಲೆಯ ಮೇಲೆ ಆ ಕ್ಲಾಸಿನಲ್ಲಿ ಅರ್ಧ ಹೊತ್ತು ಹೋಗುತ್ತದೆ, ಹೋಗಲೇಬೇಕು ಕೂಡ. ಹುಟ್ಟಿದ ಮಕ್ಕಳಿಗೆ ಸ್ವಲ್ಪ ಹಳದಿ ಬರುವುದು ಸಾಮಾನ್ಯ, ಅದಕ್ಕೇ ಜನ ಸಲೀಸಾಗಿ ತೆಗೆದುಕೊಳ್ಳುತ್ತಾರೆ. ಆ ಹಳದಿಗೆ ಕಾರಣವಾದ ಬಿಲಿರುಬಿನ್ ಅನ್ನುವ ವಸ್ತು ರಕ್ತದಲ್ಲಿ ತೀರಾ ಏರಿದರೆ ಅದು ಮೆದುಳಿನ ಒಳಭಾಗಕ್ಕೆ ಇಳಿದು ಕೂರುತ್ತದೆ. ಅಂಥ ಮಕ್ಕಳಿಗೆ ಕೈಕಾಲು ತಾನಾಗಿ ತಿರುಚಿಕೊಳ್ಳುವ ಬಗೆಯ ಸೆರೆಬ್ರಲ್ ಪಾಲ್ಸಿ ಬರುತ್ತದೆ, ಎಷ್ಟೋ ಸಲ ಕಿವಿಯೂ ಹೋಗುತ್ತದೆ. ಸೆರೆಬ್ರಲ್ ಪಾಲ್ಸಿಯ ಕಾರಣಗಳಲ್ಲಿ ಹೆಚ್ಚುಕಮ್ಮಿ ಪೂರ್ತಿ ತಡೆಯಬಹುದಾದ್ದು ಇದು. ಹುಟ್ಟಿದ 24 ಗಂಟೆಯೊಳಗೇ ಹಳದಿ ಕಂಡರೆ ಕಾಯಬಾರದು. ಹಾಲು ಕುಡಿಯದೆ ಸುಮ್ನೆ ನಿದ್ದೆ ಮಾಡುತ್ತಿದ್ದರೆ, ಅಳು ತೀರಾ ಕೀರಲಾದರೆ, ಬೆನ್ನು ಬಿಲ್ಲಿನಂತೆ ಬಾಗಿದರೆ ರಾತ್ರಿ ಹಗಲು ನೋಡದೆ ಓಡಬೇಕು. ಕಣ್ಣಲ್ಲಿ ನೋಡಿ ಅಳೆಯುವುದು ನಂಬುವಂಥದ್ದಲ್ಲ, ಕಪ್ಪು ಮೈಬಣ್ಣದ ಮಕ್ಕಳಲ್ಲಂತೂ ಇನ್ನೂ ಕಷ್ಟ, ಟೆಸ್ಟ್ ಮಾಡಿಸಬೇಕು. ಕಿಟಕಿ ಹತ್ತಿರ ಬಿಸಿಲಿಗೆ ಮಲಗಿಸಿದರೆ ಸಾಕಲ್ವಾ ಅಂತ ಒಬ್ಬರು ಕೇಳಿದರು. ಸಾಲದು. ಆದರೆ ಆಸ್ಪತ್ರೆಯಲ್ಲಿ ಕಾಮಾಲೆಗೆ ಕೊಡುವ ಬೆಳಕಿನ ಚಿಕಿತ್ಸೆ ಹುಟ್ಟಿದ್ದು ಮಾತ್ರ ಬಿಸಿಲಿನಿಂದಲೇ. 1950ರ ದಶಕದಲ್ಲಿ ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ವಾರ್ಡ್ ಅನ್ನುವ ನರ್ಸ್ ಮಕ್ಕಳನ್ನು ಹೊರಗೆ ಬಿಸಿಲಿಗೆ ಕರೆದೊಯ್ಯುತ್ತಿದ್ದರು. ಬೆಳಕು ಬಿದ್ದ ಕಡೆ ಹಳದಿ ಇಳಿದಿದ್ದನ್ನು ಅವರು ಡಾಕ್ಟರಿಗೆ ತೋರಿಸಿದರು. 1958ರಲ್ಲಿ ಅದರ ಮೇಲೆ ಪ್ರಬಂಧ ಬಂತು. ಪ್ರಬಂಧ ಬರೆದವರಲ್ಲಿ ಆ ನರ್ಸಿನ ಹೆಸರಿರಲಿಲ್ಲ, ಅದು ಬೇರೆ ಮಾತು.

ಹುಟ್ಟಿದಾಗ ಉಸಿರು ಕಟ್ಟಿದ ಮಕ್ಕಳನ್ನು ತಣ್ಣಗಿಡುವ ಚಿಕಿತ್ಸೆ ಬಗ್ಗೆಯೂ ಹೇಳಿದರು. ತಿಂಗಳು ತುಂಬಿದ ಮಗುವನ್ನು ಹುಟ್ಟಿದ 6 ಗಂಟೆಯೊಳಗೆ ಶುರುಮಾಡಿ 33–34 ಡಿಗ್ರಿ ಸೆಲ್ಸಿಯಸ್‌ನಲ್ಲಿ 72 ಗಂಟೆ ಇಡುತ್ತಾರೆ, ಮೆದುಳಿನ ಜೀವಕೋಶಗಳು ಎರಡನೇ ಸುತ್ತಿನಲ್ಲಿ ಸಾಯುವುದನ್ನು ಅದು ತಡೆಯುತ್ತದೆ. 7 ಮಕ್ಕಳಿಗೆ ಹೀಗೆ ಮಾಡಿದರೆ ಒಬ್ಬರು ಸಾವಿನಿಂದಲೋ ದೊಡ್ಡ ಅಂಗವೈಕಲ್ಯದಿಂದಲೋ ಪಾರಾಗುತ್ತಾರೆ. ಇಲ್ಲಿಗೇ ನಿಲ್ಲಿಸಿದ್ದರೆ ಅದು ಜಾಹೀರಾತು ಆಗುತ್ತಿತ್ತು. ಭಾರತ, ಬಾಂಗ್ಲಾದೇಶ, ಶ್ರೀಲಂಕಾಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಹೆಲಿಕ್ಸ್ ಅಧ್ಯಯನದಲ್ಲಿ ಅದರಿಂದ ಲಾಭ ಕಾಣಲಿಲ್ಲ, ಸಾವು ಹೆಚ್ಚಾಯಿತು ಅನ್ನುವುದನ್ನೂ ಅವರೇ ಹೇಳಿದರು. ಹಾಗಾಗಿ ಎಲ್ಲ ಕಡೆ ಕಣ್ಣು ಮುಚ್ಚಿ ಮಾಡುವ ಚಿಕಿತ್ಸೆ ಅಲ್ಲ ಅದು. ತಮ್ಮ ಚಿಕಿತ್ಸೆಯ ಸೋಲನ್ನು ತಾವೇ ಬೋರ್ಡಿನ ಮೇಲೆ ಬರೆಯುವ ಡಾಕ್ಟರನ್ನು ನಾನು ಮೊದಲ ಸಲ ನೋಡಿದ್ದು.

ಈಗ ಮುಖ್ಯ ಟೆಸ್ಟ್. ಮಗು ಹುಟ್ಟಬೇಕಾಗಿದ್ದ ದಿನದಿಂದ ಲೆಕ್ಕ ಹಾಕಿ ಸುಮಾರು 3 ತಿಂಗಳಾದಾಗ ಒಂದು ವಿಡಿಯೋ ತೆಗೆಯುತ್ತಾರೆ, ಅಷ್ಟೇ. ಸೂಜಿ ಇಲ್ಲ, ಮಷೀನಿಲ್ಲ. ಮಗು ಎಚ್ಚರವಾಗಿ, ಸಮಾಧಾನವಾಗಿ ಅಂಗಾತ ಮಲಗಿರಬೇಕು, ಕೈಯಲ್ಲಿ ಆಟಿಕೆ ಇರಬಾರದು, ನಾವು ಮಾತಾಡಿಸಬಾರದು. ಆ ವಯಸ್ಸಲ್ಲಿ ಮಕ್ಕಳ ಕುತ್ತಿಗೆ, ಭುಜ, ಮಣಿಕಟ್ಟು, ಸೊಂಟ, ಕಾಲಿನ ಗಂಟುಗಳಲ್ಲಿ ಸಣ್ಣ ಸಣ್ಣ ಚಡಪಡಿಕೆಯಂಥ ಚಲನೆ ಎಲ್ಲ ದಿಕ್ಕಿಗೂ ಇರುತ್ತದೆ. ಅದು ಇಲ್ಲದಿದ್ದರೆ ಸೆರೆಬ್ರಲ್ ಪಾಲ್ಸಿಯ ಸಾಧ್ಯತೆ ತುಂಬಾ ಜಾಸ್ತಿ. ಪ್ರೆಕ್ಟಲ್ ಅನ್ನುವ ಡಾಕ್ಟರ್ ಕಟ್ಟಿದ ವಿಧಾನವಂತೆ. ಇದರ ಜೊತೆಗೆ ಹ್ಯಾಮರ್‌ಸ್ಮಿತ್ ಅನ್ನುವ 26 ಅಂಶಗಳ ನರ ಪರೀಕ್ಷೆ, ಪೂರ್ತಿ ಬಂದರೆ 78 ಅಂಕ, ಮತ್ತು ಎಂಆರ್‌ಐ. ಮೂರನ್ನೂ ಸೇರಿಸಿ ನೋಡಿದರೆ 6 ತಿಂಗಳ ಒಳಗೇ ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು. ಮೊದಲೆಲ್ಲ ಇದು ಗೊತ್ತಾಗಲು ಒಂದರಿಂದ ಎರಡು ವರ್ಷ ಹಿಡಿಯುತ್ತಿತ್ತು.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಡುವೆ ಮನೆ ಹತ್ತಿರದ ಬೇರೊಬ್ಬ ಡಾಕ್ಟರಿಗೂ ತೋರಿಸಿದ್ದೆವು. ಮಗಳ ಬಲಗೈ ಮುಷ್ಟಿ ಬಿಚ್ಚುತ್ತಲೇ ಇರಲಿಲ್ಲ, ಕಾಲು ಡಯಾಪರ್ ಹಾಕುವಾಗ ಬಿಗಿ. "ಬೇಗ ಹುಟ್ಟಿದ ಮಕ್ಕಳು ಹಾಗೇನೇ, ಒಂದು ವರ್ಷ ನೋಡೋಣ" ಅಂದರು. ಒಳ್ಳೆಯವರೇ, ಸಮಾಧಾನಕ್ಕೆ ಹೇಳಿದ್ದು. ಆದರೆ ಆ ಒಂದು ವರ್ಷ ಮೆದುಳು ಅತಿ ವೇಗವಾಗಿ ಹೊಸ ದಾರಿ ಮಾಡಿಕೊಳ್ಳುವ ಕಾಲ. ಈ ಕ್ಲಿನಿಕ್ಕಿನಲ್ಲಿ ವಿಡಿಯೋ ನೋಡಿದ ಮೇಲೆ "ಸೆರೆಬ್ರಲ್ ಪಾಲ್ಸಿ ಆಗುವ ಸಾಧ್ಯತೆ ಹೆಚ್ಚು, ಪೂರ್ತಿ ಖಾತ್ರಿ ಆಗೋವರೆಗೆ ಕಾಯೋದು ಬೇಡ, ಈ ವಾರವೇ ಥೆರಪಿ ಶುರು ಮಾಡೋಣ" ಅಂದರು. ಅವತ್ತು ಅತ್ತಿದ್ದು ನಿಜ. ಆದರೂ ಗೊತ್ತಿಲ್ಲದೆ ಒದ್ದಾಡುವುದಕ್ಕಿಂತ ಗೊತ್ತಾಗಿ ಅಳುವುದು ಎಷ್ಟೋ ವಾಸಿ.

ನೀವೇ ಗಮನಿಸಬಹುದಾದ ಕೆಲವು ಗುರುತುಗಳನ್ನು ಗೋಡೆಗೆ ದೊಡ್ಡ ಅಕ್ಷರದಲ್ಲಿ ಅಂಟಿಸಿದ್ದಾರೆ. ಒಂದು ವರ್ಷದೊಳಗೇ ಒಂದೇ ಕೈ ಬಳಸುವುದು (ನಮ್ಮ ಮಗ ಎಡಚ ಅಂತ ಖುಷಿಪಡಬೇಡಿ, ಆ ವಯಸ್ಸಲ್ಲಿ ಯಾರೂ ಎಡಚ ಬಲಚ ಆಗಿರುವುದಿಲ್ಲ), 4 ತಿಂಗಳ ಮೇಲೂ ಮುಷ್ಟಿ ಬಿಗಿ ಹಿಡಿದೇ ಇರುವುದು, 4 ತಿಂಗಳಾದರೂ ಕತ್ತು ನಿಲ್ಲದಿರುವುದು, 9 ತಿಂಗಳಿಗೂ ಆಸರೆ ಇಲ್ಲದೆ ಕೂರದಿರುವುದು. ಬೇಗ ಹುಟ್ಟಿದ ಮಗುವಾದರೆ ಹುಟ್ಟಬೇಕಾಗಿದ್ದ ದಿನದಿಂದ ತಿಂಗಳು ಎಣಿಸಬೇಕು.

ಥೆರಪಿ ಬಗ್ಗೆ ಹೇಳುವುದಾದರೆ, ಇಲ್ಲಿನ ಫಿಸಿಯೋ ಮಗುವಿನ ಕೈಕಾಲು ಹಿಡಿದು ಎಳೆಯುವುದೇ ಇಲ್ಲ. ಮಗು ತಾನೇ ಮಾಡಬೇಕು ಅನ್ನುವುದು ಅವರ ಹಟ. ಒಂದು ಕಡೆಯ ಕೈ ಸೋಮಾರಿಯಾಗಿದ್ದರೆ ಚೆನ್ನಾಗಿರುವ ಕೈಗೆ ಮೆತ್ತನೆ ಗವಸು ಹಾಕಿ, ಸ್ವಲ್ಪ ಹೊತ್ತು ಇನ್ನೊಂದು ಕೈಯಲ್ಲೇ ಆಟಿಕೆ ಹಿಡಿಯುವಂತೆ ಆಡಿಸುತ್ತಾರೆ. ನಮಗೂ ಅದನ್ನೇ ಕಲಿಸಿ, ಮನೆಯಲ್ಲಿ ದಿನಾ ಮಾಡಿ ಅಂತ ಕಳಿಸುತ್ತಾರೆ. ಸೆರೆಬ್ರಲ್ ಪಾಲ್ಸಿ ಇರುವವರಲ್ಲಿ 3ರಲ್ಲಿ ಒಬ್ಬರಿಗೆ ಸೊಂಟದ ಕೀಲು ಜಾರುವ ತೊಂದರೆ ಬರುತ್ತದೆ, ನೋವು ಬರುವ ಮೊದಲೇ ಎಕ್ಸ್‌ರೇಯಲ್ಲಿ ಹಿಡಿಯಬೇಕು ಅಂತ ಮುಂದಿನ ತಾರೀಕುಗಳನ್ನೂ ಈಗಲೇ ಬರೆದಿಟ್ಟಿದ್ದಾರೆ. 3ರಲ್ಲಿ ಇಬ್ಬರು ನಡೆಯುತ್ತಾರೆ, ಆಸರೆ ಹಿಡಿದೋ ಹಿಡಿಯದೆಯೋ. ಅರ್ಧದಷ್ಟು ಜನಕ್ಕೆ ಬುದ್ಧಿಯ ಬೆಳವಣಿಗೆಯಲ್ಲಿ ಯಾವ ತೊಂದರೆಯೂ ಇರುವುದಿಲ್ಲ. ಇದನ್ನೂ ಕೇಳದೆಯೇ ಹೇಳಿದರು.

ಕಾಯುವ ಜಾಗದಲ್ಲಿ ಸ್ಟೆಮ್ ಸೆಲ್ ಚಿಕಿತ್ಸೆ ಮಾರುವವರ ಪಾಂಪ್ಲೆಟ್ ಯಾರೋ ಬಿಟ್ಟುಹೋಗಿದ್ದರು. ಒಳಗೆ ತೋರಿಸಿದೆ. ಅದರ ಅಧ್ಯಯನ ಇನ್ನೂ ನಡೆಯುತ್ತಿದೆ, ದುಡ್ಡು ತೆಗೆದುಕೊಂಡು ವಾಸಿ ಮಾಡುತ್ತೇವೆ ಅನ್ನುವವರನ್ನು ನಂಬಬೇಡಿ ಅಂದರು. ಒತ್ತಡದ ಆಕ್ಸಿಜನ್ ಕೋಣೆಯದ್ದೂ ಇದೇ ಕಥೆ. 2001ರಲ್ಲಿ 111 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದಾಗ ಆಕ್ಸಿಜನ್ ಕೊಟ್ಟವರಿಗೂ ಸ್ವಲ್ಪ ಒತ್ತಡದ ಮಾಮೂಲಿ ಗಾಳಿ ಕೊಟ್ಟವರಿಗೂ ವ್ಯತ್ಯಾಸವೇ ಇರಲಿಲ್ಲ.

ಇನ್ನು ಬೈಗುಳ. ಅಪಾಯಿಂಟ್‌ಮೆಂಟ್ 10ಕ್ಕೆ ಕೊಟ್ಟು ಮಧ್ಯಾಹ್ನದವರೆಗೆ ಕೂರಿಸುತ್ತಾರೆ, ಅಷ್ಟು ಹೊತ್ತಿಗೆ ಮಗು ಹಸಿದು, ಅತ್ತು, ನಿದ್ದೆಗೆ ಜಾರಿ ಪರೀಕ್ಷೆಗೆ ಕೆಲಸಕ್ಕೇ ಬಾರದ ಸ್ಥಿತಿಯಲ್ಲಿರುತ್ತದೆ, ಆಗ "ನಾಳೆ ಬನ್ನಿ" ಅನ್ನುತ್ತಾರೆ. ಫೋನ್ ಎತ್ತುವುದಿಲ್ಲ. ಮನೆಯಲ್ಲೇ ತೆಗೆದ ವಿಡಿಯೋ ಕಳಿಸಲು ಒಂದು ಆ್ಯಪ್ ಮಾಡಿದ್ದಾರೆ, ಮುಕ್ಕಾಲು ಭಾಗ ಅಪ್‌ಲೋಡ್ ಆಗಿ ನಿಲ್ಲುವುದೇ ಅದರ ಚಾಳಿ. ಒಂದು ಸಲ ಚೀಟಿಯಲ್ಲಿ ವಯಸ್ಸನ್ನು ಹುಟ್ಟಿದ ದಿನದಿಂದಲೇ ಲೆಕ್ಕ ಹಾಕಿ ಬರೆದಿದ್ದರು, ನಾನೇ ಹೇಳಿ ತಿದ್ದಿಸಬೇಕಾಯಿತು. ವಯಸ್ಸಿನ ಲೆಕ್ಕದ ಮೇಲೇ ಎಲ್ಲ ನಿಂತಿರುವ ಕಡೆ ಇದು ಸಣ್ಣ ತಪ್ಪಲ್ಲ. ಇನ್ನೊಂದು, ತಾಯಂದಿರ ಮನಸ್ಸಿನ ಸ್ಥಿತಿ ಕೇಳಲು ಅಲ್ಲಿ ಯಾರೂ ಇಲ್ಲ. ಡಾಕ್ಟರ ತಾಳ್ಮೆಯೊಂದರಿಂದಲೇ ಎಲ್ಲ ಆಗುವುದಿಲ್ಲ, ಕೌನ್ಸೆಲರ್ ಒಬ್ಬರು ಬೇಕೇ ಬೇಕು. ಅಪ್ಪಂದಿರನ್ನಂತೂ ಬ್ಯಾಗು ಹಿಡಿದುಕೊಳ್ಳುವವರು ಅನ್ನುವ ಹಾಗೆ ನೋಡುತ್ತಾರೆ.

ಯಾರು ಹೋಗಬೇಕು? ಮಗು ಎನ್‌ಐಸಿಯುನಲ್ಲಿ ಇದ್ದು ಬಂದಿದ್ದರೆ, ನೋಡಲು ಎಷ್ಟೇ ಚೆನ್ನಾಗಿದ್ದರೂ ಇಂಥ ಕ್ಲಿನಿಕ್ ಹತ್ತಿರದಲ್ಲಿ ಎಲ್ಲಿದೆ ಅಂತ ಡಿಸ್ಚಾರ್ಜ್ ದಿನವೇ ಕೇಳಿ. 3ನೇ ತಿಂಗಳಿನ ಆ ಚಲನೆಯ ಪರೀಕ್ಷೆ ಮಾಡಲು ತರಬೇತಿ ಆದವರು ಇದ್ದಾರಾ ಅಂತಲೂ ಕೇಳಿ, ಇಲ್ಲದಿದ್ದರೆ ವಿಡಿಯೋ ತೆಗೆದು ಬೇರೆ ಕಡೆ ತೋರಿಸಬಹುದು. 5 ತಿಂಗಳು ದಾಟಿದರೆ ಆ ಚಲನೆಗಳು ತಾವಾಗಿಯೇ ಮರೆಯಾಗುತ್ತವೆ, ಆಮೇಲೆ ಈ ಪರೀಕ್ಷೆ ಮಾಡಲು ಬರುವುದಿಲ್ಲ. ಆರೋಗ್ಯವಾಗಿ ಹುಟ್ಟಿ, ಹೊತ್ತಿಗೆ ಸರಿಯಾಗಿ ಕತ್ತು ನಿಂತು, ಎರಡೂ ಕೈಯಲ್ಲಿ ಆಡುತ್ತಿರುವ ಮಗುವನ್ನು ಸುಮ್ನೆ ಭಯಕ್ಕೆ ಎತ್ತಿಕೊಂಡು ಹೋಗಬೇಕಾಗಿಲ್ಲ, ಮಾಮೂಲಿ ಮಕ್ಕಳ ಡಾಕ್ಟರು ಸಾಕು.

ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಸ್ಕ್ಯಾನ್ ಸಿಡಿ, ಕಾಮಾಲೆ ರಿಪೋರ್ಟು ಎಲ್ಲ ಒಂದೇ ಫೈಲಿನಲ್ಲಿರಲಿ. ಮನೆಯಲ್ಲಿ ಮಗು ಖುಷಿಯಾಗಿದ್ದಾಗ ಖಾಲಿ ಬೆಡ್‌ಶೀಟ್ ಮೇಲೆ ಮಲಗಿಸಿ ಮೂರು ನಾಲ್ಕು ನಿಮಿಷದ ವಿಡಿಯೋ ತೆಗೆದು ಫೋನಿನಲ್ಲೇ ಇಟ್ಟುಕೊಳ್ಳಿ, ಆ್ಯಪ್ ನೆಚ್ಚಿಕೊಳ್ಳಬೇಡಿ. ಆಯ್ಕೆ ಇದ್ದರೆ ಬೆಳಗಿನ ಮೊದಲ ಟೋಕನ್ನೇ ತೆಗೆದುಕೊಳ್ಳಿ.